ಒಂದೇ ಕೆರೆ, ನಾಲ್ಕು ಪ್ರಬಂಧ: ಪ್ರಕಾರ ಗುರುತಿಸುವ, ಬರೆಸುವ ಟಿಪ್ಪಣಿ

ಪ್ರಬಂಧದ ಪ್ರಕಾರಗಳು ಯಾವುವು ಎಂದು ಕೇಳಿದರೆ ಹತ್ತನೇ ತರಗತಿಯವರು ಬಾಯಿಪಾಠ ಒಪ್ಪಿಸುತ್ತಾರೆ: ವರ್ಣನಾತ್ಮಕ, ಕಥನಾತ್ಮಕ, ವಿವರಣಾತ್ಮಕ, ಚರ್ಚಾತ್ಮಕ, ಲಲಿತ ಪ್ರಬಂಧ. ಬರೆಯಲು ಕೂತಾಗ ಮಾತ್ರ ಎಲ್ಲಕ್ಕೂ ಒಂದೇ ಅಚ್ಚು. ಮೊಬೈಲ್ ಆಗಲಿ, ಊರ ಜಾತ್ರೆಯಾಗಲಿ, ಕೆರೆಯಾಗಲಿ, ಪೀಠಿಕೆ ಆದಮೇಲೆ ಅನುಕೂಲಗಳು, ಆಮೇಲೆ ಅನಾನುಕೂಲಗಳು, ಕೊನೆಗೆ ಉಪಸಂಹಾರ. ಜಾತ್ರೆಯ ಅನಾನುಕೂಲಗಳನ್ನು ಬರೆದ ಉತ್ತರಪತ್ರಿಕೆಗಳು ಮೌಲ್ಯಮಾಪಕರಿಗೆ ಹೊಸದೇನಲ್ಲ.

ತಪ್ಪು ಹುಟ್ಟುವುದು ಕಲಿಸುವ ಕಡೆ. ‘ಹಬ್ಬ ಬಂದರೆ ವರ್ಣನೆ, ಪರಿಸರ ಬಂದರೆ ವಿಚಾರ’ ಎಂದು ಪ್ರಕಾರವನ್ನು ವಿಷಯಕ್ಕೆ ಅಂಟಿಸಿ ನೋಟ್ಸ್ ಕೊಡುತ್ತೇವೆ. ಆದರೆ ಯಾವ ವಿಷಯವನ್ನೂ ಯಾವ ಪ್ರಕಾರದಲ್ಲೂ ಬರೆಯಬಹುದು. ಓದಿದವರಿಗೆ ಕೊನೆಗೆ ಏನು ಸಿಗಬೇಕು ಎಂಬುದರ ಮೇಲೆ ಪ್ರಕಾರ ನಿಲ್ಲುತ್ತದೆ. ಕಣ್ಣಿಗೆ ಕಟ್ಟಬೇಕಾದರೆ ವರ್ಣನೆ, ಏನಾಯಿತೆಂದು ತಿಳಿಯಬೇಕಾದರೆ ಕಥನ, ಹೇಗೆ ಮತ್ತು ಏಕೆ ಎಂದು ಅರ್ಥವಾಗಬೇಕಾದರೆ ವಿವರಣೆ, ಒಂದು ನಿಲುವನ್ನು ಒಪ್ಪಬೇಕಾದರೆ ಚರ್ಚೆ. ಬಿ.ಇಡಿ. ಬೋಧನಾಭ್ಯಾಸಕ್ಕೆ ಹೋಗುವವರೂ ಪರೀಕ್ಷೆಗೆ ಸ್ವತಃ ಬರೆಯುವವರೂ ಇದೊಂದನ್ನು ಹಿಡಿದುಕೊಂಡರೆ ಮುಂದಿನದು ಸಲೀಸು.

ಕೆರೆಯನ್ನೇ ತೆಗೆದುಕೊಳ್ಳೋಣ. ನಾಲ್ಕು ಪ್ಯಾರಾ ಕೆಳಗಿವೆ. ಅವುಗಳಲ್ಲಿ ಬರುವ ಏರಿ ಎಂದರೆ ಕೆರೆಯ ಮಣ್ಣಿನ ಕಟ್ಟೆ, ತೂಬು ಗದ್ದೆಗೆ ನೀರು ಬಿಡುವ ಬಾಯಿ, ಕೋಡಿ ಹೆಚ್ಚಾದ ನೀರು ಹೊರಬೀಳುವ ಜಾಗ, ನೀರುಗಂಟಿ ಕೆರೆಯ ನೀರು ನೋಡಿಕೊಳ್ಳುವವನು.

ಒಂದು: “ಏಪ್ರಿಲ್ ಕೊನೆಯ ಕೆರೆ. ಏರಿಯ ಮೇಲೆ ನಿಂತರೆ ಕೆಳಗೆ ತೂಬಿನ ಎರಡು ಕಲ್ಲುಕಂಬ, ಕಂಬದ ಮೇಲೆ ಆಳೆತ್ತರದಲ್ಲಿ ಪಾಚಿ ಒಣಗಿದ ಕಂದು ಗೆರೆ. ಕಂಬದಾಚೆ ಹೂಳು ಬಾಯಿಬಿಟ್ಟಿದೆ. ಅದರಾಚೆ ಎಮ್ಮೆಗಳ ಮೊಣಕಾಲು ಮುಳುಗುವಷ್ಟೇ ನೀರು.”

ಎರಡು: “ರಾತ್ರಿ ಹನ್ನೊಂದಕ್ಕೆ ಮಳೆ ಹಿಡಿಯಿತು. ಎರಡು ಗಂಟೆಯ ಹೊತ್ತಿಗೆ ನೀರುಗಂಟಿ ಮನೆಮನೆಯ ಬಾಗಿಲು ಬಡಿದ. ಗುದ್ದಲಿ, ಮರಳಿನ ಚೀಲ ಹಿಡಿದು ಓಡಿದವರಿಗೆ ಕೋಡಿಯ ಬಾಯಿಗೆ ಅಡ್ಡಬಿದ್ದ ಜಾಲಿಮರ ಕಂಡಿತು. ಮರ ಕಡಿದು ಎಳೆಯುವಷ್ಟರಲ್ಲಿ ನೀರು ಏರಿಯ ನೆತ್ತಿಗೆ ಒಂದು ಗೇಣು ಕೆಳಗಿತ್ತು.”

ಮೂರು: “ಕೋಡಿಯನ್ನು ಏರಿಗಿಂತ ತಗ್ಗಿನಲ್ಲಿ ಕಟ್ಟುತ್ತಾರೆ. ಏಕೆಂದರೆ ಏರಿ ಮಣ್ಣಿನದು. ನೀರು ಅದರ ಮೇಲೆ ಹತ್ತಿ ಹರಿದರೆ ಹಿಂಬದಿಯ ಮಣ್ಣು ಕೊಚ್ಚಿಹೋಗಿ ಏರಿ ಒಡೆಯುತ್ತದೆ. ಕೆರೆ ತುಂಬಿದಾಗ ಹೆಚ್ಚಾದ ನೀರು ಕೋಡಿಯಿಂದ ಹೊರಬಿದ್ದು ಕೆಳಗಿನ ಊರಿನ ಕೆರೆ ಸೇರುತ್ತದೆ.”

ನಾಲ್ಕು: “ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಅಲ್ಲಿನ ಕೆರೆಗಳಿಗೆ ಹರಿಸುವ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯನ್ನು ಈ ಕಾರಣಕ್ಕೆ ಒಪ್ಪಬೇಕು. ಆದರೆ ಕೆರೆಗೆ ಬಿಟ್ಟ ನೀರು ಇಂಗಿ ಬೋರ್‌ವೆಲ್ ಸೇರುವುದರಿಂದ, ಉಳಿದ ರಾಸಾಯನಿಕಗಳನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣವನ್ನು ಷರತ್ತಾಗಿ ಇಡಬೇಕು.”

ಪ್ರಕಾರದ ಹೆಸರು ಹೇಳುವ ಮೊದಲು ಮಕ್ಕಳ ಕೈಯಲ್ಲಿ ಕ್ರಿಯಾಪದಗಳಿಗೆ ಅಡಿಗೆರೆ ಎಳೆಸಿ. ಮೊದಲನೆಯದರಲ್ಲಿ ಕ್ರಿಯಾಪದವೇ ಕಡಿಮೆ: ‘ಬಾಯಿಬಿಟ್ಟಿದೆ’ ಒಂದನ್ನು ಬಿಟ್ಟರೆ ಉಳಿದ ವಾಕ್ಯಗಳು ಕ್ರಿಯಾಪದವಿಲ್ಲದೆ ಮುಗಿಯುತ್ತವೆ. ಎರಡನೆಯದೆಲ್ಲ ಭೂತಕಾಲ: ಹಿಡಿಯಿತು, ಬಡಿದ, ಕಂಡಿತು. ಮೂರನೆಯದು ‘ಕಟ್ಟುತ್ತಾರೆ’, ‘ಒಡೆಯುತ್ತದೆ’, ‘ಸೇರುತ್ತದೆ’ ಎಂದು ಯಾವತ್ತೂ ನಡೆಯುವುದನ್ನು ಹೇಳುತ್ತದೆ. ನಾಲ್ಕನೆಯದರಲ್ಲಿ ‘ಬೇಕು’ ಎರಡು ಸಲ ಬಂದಿದೆ. ಆಮೇಲೆ ಜೋಡಣೆಯ ಪದಗಳು: ಕೆಳಗೆ, ಆಚೆ, ಹೊತ್ತಿಗೆ, ಅಷ್ಟರಲ್ಲಿ, ಏಕೆಂದರೆ, ತುಂಬಿದಾಗ, ಈ ಕಾರಣಕ್ಕೆ, ಆದರೆ. ಎರಡೆರಡರಂತೆ ಇವು ತೋರಿಸುವುದು ಜಾಗ, ಕಾಲ, ಕಾರಣ, ತರ್ಕ. ವ್ಯಾಕರಣದ ಪಾಠ ಬೇರೆ, ಪ್ರಬಂಧದ ಪಾಠ ಬೇರೆ ಎಂದುಕೊಂಡ ಮಕ್ಕಳಿಗೆ ಎರಡೂ ಸೇರುವ ಜಾಗ ಇದು.

ಇನ್ನೊಂದು ಪರೀಕ್ಷೆ ಕತ್ತರಿಯದು. ಪ್ಯಾರಾದ ವಾಕ್ಯಗಳನ್ನು ಚೀಟಿ ಮಾಡಿ ಕಲಸಿ, ಮತ್ತೆ ಜೋಡಿಸಲು ಹೇಳಿ. ಕಥನ ಒಂದೇ ರೀತಿ ಕೂರುತ್ತದೆ, ಹಿಂದುಮುಂದಾದರೆ ಕಥೆಯೇ ಹೋಗುತ್ತದೆ. ವರ್ಣನೆಯನ್ನು ಹತ್ತಿರದಿಂದ ದೂರಕ್ಕೂ ಜೋಡಿಸಬಹುದು, ದೂರದಿಂದ ಹತ್ತಿರಕ್ಕೂ. ಎರಡನ್ನೂ ಬೆರೆಸಿದರೆ ಮಾತ್ರ ಚಿತ್ರ ಕದಡುತ್ತದೆ. ವಿವರಣೆಯಲ್ಲಿ ಕಾರಣ, ಪರಿಣಾಮಗಳ ಕೊಂಡಿ ಬಿಡಿಸಲು ಬಾರದು. ಚರ್ಚೆಯಲ್ಲಿ ನಿಲುವನ್ನು ಮೊದಲೂ ಹೇಳಬಹುದು, ಕೊನೆಗೂ ಹೇಳಬಹುದು. ಆದರೆ ಆಕ್ಷೇಪಕ್ಕಿಂತ ಮೊದಲು ಅದರ ಉತ್ತರ ಬರುವಂತಿಲ್ಲ.

ಪ್ರಶ್ನೆಯನ್ನು ಓದುವುದು

ಪ್ರಶ್ನೆಯಲ್ಲಿ ಕ್ರಿಯಾಪದ ಕೊಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ‘ವರ್ಣಿಸಿ’, ‘ವಿವರಿಸಿ’ ಒಂದೇ ಅಲ್ಲ. ‘ಚರ್ಚಿಸಿ’ ಎಂದರೆ ಎರಡೂ ಪಕ್ಷ ತೂಗಿ ತೀರ್ಮಾನಕ್ಕೆ ಬರಬೇಕು. ‘ಸಮರ್ಥಿಸಿ’ ಎಂದರೆ ತೀರ್ಮಾನ ಕೊಟ್ಟಾಗಿದೆ, ಅದಕ್ಕೆ ಆಧಾರ ಒದಗಿಸುವುದು ನಿಮ್ಮ ಕೆಲಸ. ‘ವಿಮರ್ಶಿಸಿ’ ಎಂದಾಗ ಗುಣದೋಷ ಎರಡನ್ನೂ ಹೇಳಿ ಬೆಲೆ ಕಟ್ಟಬೇಕು.

ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಬಹುತೇಕ ಬರಿಯ ಶೀರ್ಷಿಕೆಗಳಿರುತ್ತವೆ. ಆಗ ಶೀರ್ಷಿಕೆಯ ಆಕಾರ ನೋಡಬೇಕು. ‘ನಾನು ಕಂಡ’, ‘ನಾನು ಮಾಡಿದ’ ಎಂದಿದ್ದರೆ ಕಥನ ಅಥವಾ ವರ್ಣನೆ. ‘ಮಹತ್ವ’, ‘ಪಾತ್ರ’, ‘ಕಾರಣಗಳು’, ‘ಪರಿಹಾರೋಪಾಯಗಳು’ ಎಂದಿದ್ದರೆ ವಿವರಣೆ. ‘ವರವೋ ಶಾಪವೋ’, ‘ಬೇಕೇ ಬೇಡವೇ’ ಎಂದಿದ್ದರೆ ಚರ್ಚೆ. ‘ನಾನು ಶಿಕ್ಷಣ ಸಚಿವನಾದರೆ’ ತರಹದ ಕಾಲ್ಪನಿಕ ಶೀರ್ಷಿಕೆ ಒಳಗೊಳಗೇ ಚರ್ಚೆಯದು. ಅದನ್ನು ಕನಸಿನ ಕಥೆಯಾಗಿ ಬರೆದು ‘ಅಷ್ಟರಲ್ಲಿ ಅಮ್ಮ ಎಬ್ಬಿಸಿದಳು’ ಎಂದು ಮುಗಿಸುವವರಿಗೆ ವಿಷಯ ಕೈತಪ್ಪಿ ಹೋಗುತ್ತದೆ. ‘ಕೆರೆಗಳ ಸಂರಕ್ಷಣೆ’ ಎಂಬಂಥ ಎರಡು ಪದದ ಶೀರ್ಷಿಕೆ ಬಂದರೆ ಅದನ್ನು ಮೊದಲು ಪ್ರಶ್ನೆಯಾಗಿ ತಿರುಗಿಸಿ: ಕೆರೆಗಳು ಏಕೆ ಹಾಳಾದವು, ಏನು ಮಾಡಿದರೆ ಉಳಿಯುತ್ತವೆ? ಪ್ರಶ್ನೆ ಸಿಕ್ಕಿದೊಡನೆ ಪ್ರಕಾರ ತಾನಾಗಿ ಸಿಗುತ್ತದೆ.

ವರ್ಣನೆ ಕೆಡುವುದು ವಿಶೇಷಣಗಳಿಂದ. ‘ರಮಣೀಯ’, ‘ಮನಮೋಹಕ’, ‘ಕಣ್ಮನ ತಣಿಸುವ’ ಎಂಬ ಪದಗಳನ್ನು ಯಾವ ಕೆರೆಗೂ, ಯಾವ ಬೆಟ್ಟಕ್ಕೂ ಅಂಟಿಸಬಹುದು, ಹಾಗಾಗಿ ಯಾವುದೂ ಕಾಣುವುದಿಲ್ಲ. ಕಂಬದ ಮೇಲಿನ ಕಂದು ಗೆರೆ ಮಳೆಗಾಲದಲ್ಲಿ ನೀರು ಎಲ್ಲಿವರೆಗಿತ್ತು ಎಂದು ತೋರಿಸುತ್ತದೆ. ‘ನೀರು ಬತ್ತಿದೆ’ ಎಂದು ಬೇರೆ ಹೇಳಬೇಕಿಲ್ಲ. ಮಕ್ಕಳಿಗೆ ಕೊಡಬಹುದಾದ ನಿಯಮ: ಒಂದು ಪ್ಯಾರಾದಲ್ಲಿ ಮೂರು ವಸ್ತು, ಅದರಲ್ಲಿ ಒಂದಾದರೂ ಕಣ್ಣಿನದಲ್ಲದ್ದು, ಅಂದರೆ ಸದ್ದೋ ವಾಸನೆಯೋ ಮುಟ್ಟಿದರೆ ಸಿಗುವುದೋ. ಮೇಲಿನ ಮಾದರಿ ಪ್ಯಾರಾದಲ್ಲಿ ಆ ಕಣ್ಣಿನದಲ್ಲದ್ದು ಇಲ್ಲ. ಅದನ್ನು ಸೇರಿಸುವುದನ್ನೇ ಮಕ್ಕಳಿಗೆ ಅಭ್ಯಾಸವಾಗಿ ಕೊಡಿ.

ಕಥನದಲ್ಲಿ ಎರಡು ದೋಷ ಸಾಮಾನ್ಯ. ‘ಹೋದೆವು’ ಎಂದು ಶುರುಮಾಡಿ ಮೂರನೇ ಸಾಲಿಗೆ ‘ನೋಡುತ್ತೇವೆ’ ಎಂದು ಕಾಲ ಜಾರುವುದು ಒಂದು. ಪ್ರವಾಸದ ಪ್ರಬಂಧದಲ್ಲಿ ಬಸ್ ಹತ್ತುವುದು, ತಿಂಡಿ ತಿನ್ನುವುದು, ಅಂತ್ಯಾಕ್ಷರಿ ಇವಕ್ಕೇ ಪುಟ ಮುಗಿದು ಮುಖ್ಯ ಘಟನೆಗೆ ನಾಲ್ಕು ಸಾಲು ಉಳಿಯುವುದು ಇನ್ನೊಂದು. ಘಟನೆ ತಿರುವು ತೆಗೆದುಕೊಳ್ಳುವ ಕ್ಷಣವನ್ನು ಮೊದಲು ಗುರುತಿಸಿ, ಅದಕ್ಕೆ ಅರ್ಧ ಪುಟ ಮೀಸಲಿಟ್ಟು, ಉಳಿದದ್ದನ್ನು ಅದರ ಸುತ್ತ ಹಂಚಬೇಕು.

ವಿವರಣೆಗೆ ಪರಿಭಾಷೆ ಬೇಕು. ಕೆರೆಯ ಬಗ್ಗೆ ಬರೆಯುವವರಿಗೆ ಏರಿ, ತೂಬು, ಕೋಡಿ, ಹೂಳು, ಅಚ್ಚುಕಟ್ಟು (ಕೆರೆ ನೀರು ಉಣ್ಣುವ ಜಮೀನು), ರಾಜಕಾಲುವೆ (ಕೆರೆಗೆ ಮಳೆನೀರು ತರುವ ದೊಡ್ಡ ಕಾಲುವೆ) ಎಂಬ ಪದಗಳು ಗೊತ್ತಿರಬೇಕು. ಒಂದೊಂದು ಪದ ಮೊದಲ ಸಲ ಬಂದಾಗ ಅದು ಮಾಡುವ ಕೆಲಸವನ್ನು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗುವುದು. ತಪಾಸಣೆಗೆ ಒಂದು ದಾರಿಯಿದೆ: ಪ್ರತಿ ವಾಕ್ಯದ ಮುಂದೆ ‘ಏಕೆ?’ ಎಂದು ಕೇಳಿ. ಉತ್ತರ ಮುಂದಿನ ವಾಕ್ಯದಲ್ಲಿ ಇರಬೇಕು, ಇಲ್ಲವೇ ಆ ಪ್ರಶ್ನೆಯೇ ಏಳಬಾರದು.

ಚರ್ಚೆ: ಹೆಚ್ಚು ಅಂಕ ಸೋರುವ ಜಾಗ

ನಿಲುವೇ ಇಲ್ಲದ ಚರ್ಚೆ ನಮ್ಮಲ್ಲಿ ಬಹಳ. ಎರಡು ಪುಟ ಪರ, ಎರಡು ಪುಟ ವಿರೋಧ, ಕೊನೆಗೆ ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆ. ಇದು ತೀರ್ಮಾನವಲ್ಲ, ತೀರ್ಮಾನದಿಂದ ತಪ್ಪಿಸಿಕೊಳ್ಳುವ ದಾರಿ.

ಕೆ.ಸಿ. ವ್ಯಾಲಿಯ ಉದಾಹರಣೆಯನ್ನೇ ಬಿಡಿಸೋಣ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ, ಅಂದರೆ ಕಸ ಮತ್ತು ಕೊಳೆಯುವ ವಸ್ತು ತೆಗೆಯುವಷ್ಟು, ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವುದು ಶುರುವಾದದ್ದು 2018ರಲ್ಲಿ. ಬರೆಯುವ ಮೊದಲು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ: ಒಣಗಿದ ಕೆರೆ ತುಂಬುತ್ತದೆ, ಅಂತರ್ಜಲ ಏರುತ್ತದೆ, ಬತ್ತಿದ ಕೊಳವೆಬಾವಿ ಮತ್ತೆ ನೀರು ಕೊಡುತ್ತದೆ. ಬಲಗಡೆ: ಎರಡನೇ ಹಂತದ ಶುದ್ಧೀಕರಣ ಸಾಲದು, ಉಳಿದ ರಾಸಾಯನಿಕಗಳು ಅಂತರ್ಜಲಕ್ಕೆ ಇಳಿಯಬಹುದು, ಆ ನೀರನ್ನೇ ಜನ ಕುಡಿಯುತ್ತಾರೆ. ಈಗ ಅಡ್ಡ ಗೆರೆಗಳು: ಎಡದ ಯಾವ ಅಂಶಕ್ಕೆ ಬಲದ ಯಾವುದು ನೇರ ಉತ್ತರ? ‘ಅಂತರ್ಜಲ ಏರುತ್ತದೆ’ ಎಂಬುದೂ ‘ಅಂತರ್ಜಲ ಕೆಡುತ್ತದೆ’ ಎಂಬುದೂ ಒಂದೇ ನೀರಿನ ಬಗ್ಗೆ. ಪ್ರಬಂಧದ ಬೆನ್ನೆಲುಬು ಇಲ್ಲೇ ಸಿಕ್ಕಿತು. ಉಳಿದ ಅಂಶಗಳು ಒಂದೊಂದು ಸಾಲಿಗೆ ಸಾಕು.

ಪ್ಯಾರಾಗಳ ಕ್ರಮ ಹೀಗಿಟ್ಟರೆ ಕೆಡುವುದಿಲ್ಲ: ಸಮಸ್ಯೆ ಮತ್ತು ನಿಲುವು; ಮುಖ್ಯ ಕಾರಣ, ಅದಕ್ಕೆ ಒಂದು ಆಧಾರ; ಎದುರು ಪಕ್ಷದ ಅತ್ಯಂತ ಬಲವಾದ ವಾದ, ಅವರೇ ಒಪ್ಪುವಷ್ಟು ನ್ಯಾಯವಾಗಿ; ಅದಕ್ಕೆ ಉತ್ತರ ಅಥವಾ ಷರತ್ತು; ಮುಂದೇನು. ಎದುರಾಳಿಯ ಸಪ್ಪೆ ವಾದವನ್ನು ಆರಿಸಿಕೊಂಡು ಸೋಲಿಸುವುದು ಸುಲಭ, ಮೌಲ್ಯಮಾಪಕರ ಕಣ್ಣಿಗೆ ಬೀಳುವುದೂ ಅಷ್ಟೇ ಸುಲಭ. ಇನ್ನು ಅಂಕಿಅಂಶ. ಗೊತ್ತಿದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ. ‘ಶೇಕಡಾ 80ರಷ್ಟು ಕೆರೆಗಳು’ ಎಂದು ಬಾಯಿಗೆ ಬಂದಂತೆ ಬರೆದ ಸಂಖ್ಯೆ ಇಡೀ ಪ್ರಬಂಧದ ಮೇಲಿನ ನಂಬಿಕೆ ಕೆಡಿಸುತ್ತದೆ.

ಲಲಿತ ಪ್ರಬಂಧವನ್ನು, ಅಂದರೆ ಸಣ್ಣ ವಿಷಯ ಹಿಡಿದು ಹರಟೆಯ ಧಾಟಿಯಲ್ಲಿ ಸಾಗುವ ಬರಹವನ್ನು, ಪರೀಕ್ಷೆಯಲ್ಲಿ ಬರೆಯಲು ಹೇಳುವುದು ಅಪರೂಪ, ಆದರೆ ಪಠ್ಯದಲ್ಲಿ ಗುರುತಿಸಲು ಬರಬೇಕು. ಅದು ಎತ್ತಲೋ ಹೋಗುತ್ತಿರುವಂತೆ ಕಾಣುತ್ತದೆ, ಹೇಳುವವರ ದನಿ ಮಾತ್ರ ತಪ್ಪುವುದಿಲ್ಲ. ತಿಳಿಹಾಸ್ಯವಿದ್ದರೆ ಸಾಕು ಎಂದು ಮಕ್ಕಳು ಅದನ್ನು ನಗೆಬರಹದ ಜೊತೆ ಸೇರಿಸಿಬಿಡುತ್ತಾರೆ. ನಗೆ ತೆಗೆದರೂ ಉಳಿಯುವುದಿದ್ದರೆ ಲಲಿತ ಪ್ರಬಂಧ.

40 ನಿಮಿಷದ ಪಾಠ

ಮೊದಲ 10 ನಿಮಿಷ: ನಾಲ್ಕು ಪ್ಯಾರಾಗಳ ಚೀಟಿ ಹಂಚಿ, ಹೆಸರು ಹೇಳದೆ ಗುಂಪಿನಲ್ಲಿ ಬೇರ್ಪಡಿಸಲು ಹೇಳಿ. ಗುಂಪಿಗೆ ಐದು ಮಂದಿಗಿಂತ ಹೆಚ್ಚು ಬೇಡ, ಆರನೆಯವರು ಬರಿದೇ ಕೂರುತ್ತಾರೆ. ಮುಂದಿನ 8 ನಿಮಿಷ ಕಾರಣ ಕೇಳಿ; ‘ಹಾಗನ್ನಿಸಿತು’ ಎಂದರೆ ಒಪ್ಪಬೇಡಿ, ಯಾವ ಪದ ಹಾಗನ್ನಿಸಿತು ಎಂದು ತೋರಿಸಲಿ. ಆಮೇಲೆ ಎಲ್ಲರಿಗೂ ಒಂದೇ ವಿಷಯ, ಬಸ್ ನಿಲ್ದಾಣವೋ ಬಿಸಿಯೂಟದ ಅಡುಗೆಮನೆಯೋ. ಗುಂಪಿಗೊಂದು ಪ್ರಕಾರ, ಐದೇ ವಾಕ್ಯ, 12 ನಿಮಿಷ. ಕೊನೆಯ 10 ನಿಮಿಷ ಹಾಳೆ ಅದಲುಬದಲು ಮಾಡಿಸಿ, ಇದು ಯಾವ ಪ್ರಕಾರ ಎಂದು ಬೇರೆ ಗುಂಪು ಊಹಿಸಲಿ. ಊಹೆ ತಪ್ಪಾದ ಹಾಳೆಯನ್ನೇ ಬೋರ್ಡಿಗೆ ತನ್ನಿ. ಹೆಚ್ಚಿನ ಸಲ ಸಿಗುವುದು ‘ಬೇಕು’ ನುಸುಳಿದ ವರ್ಣನೆ: ನಾಲ್ಕು ಸಾಲು ಬಸ್ ನಿಲ್ದಾಣದ ಚಿತ್ರ, ಐದನೆಯದು ‘ಆದ್ದರಿಂದ ನಾವು ಸ್ವಚ್ಛತೆ ಕಾಪಾಡಬೇಕು’.

ಬರೆಯುವಾಗ ಪೀಠಿಕೆಯನ್ನು ಕೊನೆಗೆ ಬರೆಸಿ ನೋಡಿ. ಒಡಲು ಮುಗಿದ ಮೇಲೆ ‘ಇಂದಿನ ಆಧುನಿಕ ಯುಗದಲ್ಲಿ’ ಎಂಬ ಆರಂಭ ಯಾರಿಗೂ ಬೇಕೆನಿಸುವುದಿಲ್ಲ. ಪರೀಕ್ಷೆಯಲ್ಲಿ ಮೇಲೆ ಐದು ಸಾಲು ಖಾಲಿ ಬಿಟ್ಟು ಮುಂದುವರಿದರಾಯಿತು. ಶಾಲಾ ಪ್ರಬಂಧಕ್ಕೆ 20 ನಿಮಿಷವಿದ್ದರೆ 4 ನಿಮಿಷ ಟಿಪ್ಪಣಿಗೆ, 3 ನಿಮಿಷ ಮರುಓದಿಗೆ. ಕೆ.ಎ.ಎಸ್. ಮುಖ್ಯ ಪರೀಕ್ಷೆಯ 250 ಅಂಕದ ಪ್ರಬಂಧ ಪತ್ರಿಕೆಯಲ್ಲಿ ಎರಡು ಬರೆಯಬೇಕು, ಒಂದು ರಾಷ್ಟ್ರ ಅಥವಾ ಅಂತರರಾಷ್ಟ್ರ ಮಟ್ಟದ್ದು, ಇನ್ನೊಂದು ರಾಜ್ಯ ಅಥವಾ ಸ್ಥಳೀಯ ಮಹತ್ವದ್ದು. ಅಲ್ಲಿ ಒಂದೊಂದಕ್ಕೂ 20 ನಿಮಿಷದ ಟಿಪ್ಪಣಿ ದುಂದಲ್ಲ.

ತಿದ್ದುವಾಗ ಮೊದಲ ಸಲ ಕಾಗುಣಿತ ಮುಟ್ಟಬೇಡಿ. ಕೆಂಪು ಶಾಯಿ ತುಂಬಿದ ಹಾಳೆಯಲ್ಲಿ ಹುಡುಗರು ನೋಡುವುದು ಅಂಕ ಮಾತ್ರ. ಪ್ರಕಾರದಿಂದ ಜಾರಿದ ಮೊದಲ ವಾಕ್ಯಕ್ಕೆ ಅಂಚಿನಲ್ಲಿ ಒಂದು ಗುರುತು ಹಾಕಿ ಹಾಳೆ ಹಿಂದಕ್ಕೆ ಕೊಡಿ, ಏಕೆ ಜಾರಿತು ಎಂದು ಬರೆದವರೇ ಹುಡುಕಲಿ. ಒತ್ತಕ್ಷರ, ಅಲ್ಪಪ್ರಾಣ-ಮಹಾಪ್ರಾಣ, ಪೂರ್ಣವಿರಾಮಗಳ ಲೆಕ್ಕ ಎರಡನೇ ಪ್ರತಿ ಬಂದಮೇಲೆ.