ಮುಟ್ಟದೆಯೇ ಹಿತ್ತಾಳೆ ಅಂತ ಗೊತ್ತಾಗುವುದು ಹೇಗೆ?

ಪ್ರಶ್ನೆ: ಹಿತ್ತಾಳೆ ಚೊಂಬು ಯಾವುದು, ಅದೇ ಬಣ್ಣದ ಪ್ಲಾಸ್ಟಿಕ್ ಚೊಂಬು ಯಾವುದು ಅಂತ ದೂರದಿಂದಲೇ ಹೇಳುತ್ತೇವಲ್ಲ, ಹೇಗೆ? ಹಿತ್ತಾಳೆ ಹೆಚ್ಚು ಬೆಳಕು ವಾಪಸ್ ಕಳಿಸುತ್ತದೆ, ಅದಕ್ಕೇ ಹೊಳೆಯುತ್ತದೆ ಅಂತಾರೆ. ಸರಿಯೇ?

ಪ್ರಶ್ನೆಯ ಮೊದಲರ್ಧ ಚೆನ್ನಾಗಿದೆ. ಎರಡನೆಯದು ಗರಿಕೆ ಹುಲ್ಲಿನಂಥ ತಪ್ಪು, ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ. ಈ ಸಲ ಬೇರಿಗೇ ಕೈ ಹಾಕೋಣ.

ಹೊಸದಾಗಿ ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 80ರಷ್ಟನ್ನು ವಾಪಸ್ ಕಳಿಸುತ್ತದೆ. ಪಾಲಿಶ್ ಆದ ಚಾಮರಾಜನಗರದ ಕಪ್ಪು ಗ್ರಾನೈಟ್ ಶೇ. 10ನ್ನೂ ಕಳಿಸುವುದಿಲ್ಲ. ಯಾವುದು ಹೊಳೆಯುತ್ತದೆ? ಗ್ರಾನೈಟ್ ಕಟ್ಟೆಯ ಮೇಲೆ ಅಡುಗೆ ಮಾಡುವವರು ಯಾರೂ ‘ಗೋಡೆ’ ಅನ್ನುವುದಿಲ್ಲ.

ಇನ್ನೂ ಅನುಮಾನವಿದ್ದರೆ ಒಂದು ಗುಂಡು ಬದನೆಕಾಯಿ ತನ್ನಿ, ನೇರಳೆ ಬಣ್ಣದ್ದು. ಒರೆಸಿ ಕಿಟಕಿಯ ಪಕ್ಕ ಇಡಿ, ಟ್ಯೂಬ್‌ಲೈಟ್ ಆರಿಸಿ. ಹತ್ತಿರ ಹೋದರೆ ಅದರ ಮೈಮೇಲೆ ಕಿಟಕಿ ಸರಳುಗಳ ಸಮೇತ ಕಾಣುತ್ತದೆ. ಈಗ ಅರ್ಧ ಭಾಗಕ್ಕೆ ಮಾತ್ರ ಮುಖದ ಪೌಡರ್ ತೆಳ್ಳಗೆ ಸವರಿ. ಆ ಭಾಗ ಬೆಳ್ಳಗಾಯಿತು, ಅಂದರೆ ಮೊದಲಿಗಿಂತ ಹೆಚ್ಚು ಬೆಳಕು ವಾಪಸ್ ಬರುತ್ತಿದೆ. ಹೊಳಪು ಮಾತ್ರ ಸತ್ತಿದೆ! ನಯವಾದ ಸಿಪ್ಪೆ ನೇರವಾಗಿ ಬಿದ್ದ ಬೆಳಕಿನ ಶೇ. 4ರ ಆಸುಪಾಸನ್ನಷ್ಟೇ ಕನ್ನಡಿಯ ಹಾಗೆ ಒಂದು ದಿಕ್ಕಿಗೆ ಕಳಿಸುತ್ತದೆ. ಪೌಡರಿನ ಕಣಗಳು ಅದರ ಎಷ್ಟೋ ಪಾಲು ಕಳಿಸಿದರೂ ಎಲ್ಲ ದಿಕ್ಕಿಗೂ ಚೆಲ್ಲಿಬಿಡುತ್ತವೆ, ಬಿಂಬ ಕಟ್ಟುವುದಿಲ್ಲ. ಆ ಬಿಂಬದ ಅಂಚು ಎಷ್ಟು ಚೂಪು, ಸುತ್ತಲಿನ ಮೈಗಿಂತ ಎಷ್ಟು ಬೆಳ್ಳಗಿದೆ ಅನ್ನುವುದರಿಂದಲೇ ಕಣ್ಣು ಹೊಳಪನ್ನು ಅಳೆಯುತ್ತದೆ.

ಬಿಂಬ ಸರಿಯಾದ ಜಾಗದಲ್ಲೂ ಇರಬೇಕು. 2007ರಲ್ಲಿ ಕಣ್ಣಿನ ನೋಟವನ್ನು ಅಧ್ಯಯನ ಮಾಡುವ ವಿಜ್ಞಾನಿ ಮೊಟೊಯೋಶಿ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ, ಚಿತ್ರದೊಳಗೆ ಕಪ್ಪು-ಬಿಳುಪು ಯಾವ ಪ್ರಮಾಣದಲ್ಲಿ ಹಂಚಿಕೆಯಾಗಿದೆ ಎಂಬುದರಿಂದಲೇ ಮಿದುಳು ಹೊಳಪನ್ನು ಊಹಿಸಬಹುದು ಎಂದರು. 2009ರಲ್ಲಿ ಅದೇ ಕ್ಷೇತ್ರದ ಆಂಡರ್ಸನ್ ಮತ್ತು ಕಿಮ್ ಅದನ್ನು ಒಪ್ಪಲಿಲ್ಲ. ಹಂಚಿಕೆ ಹಾಗೇ ಇರಲಿ, ಬೆಳಕಿನ ಬೊಟ್ಟುಗಳನ್ನು ಉಬ್ಬುತಗ್ಗಿಗೆ ಹೊಂದದ ಕಡೆ ತಿರುಗಿಸಿಟ್ಟರೆ ಹೊಳಪು ಹೋಗಿ ಬಳಿದ ಕಲೆಯಂತೆ ಕಾಣುತ್ತದೆ ಎಂದು ತೋರಿಸಿದರು. ಇದಕ್ಕೂ ಬದನೆಕಾಯಿಯೇ ಸಾಕು. ಪೌಡರ್ ಒರೆಸಿ, ಸುಣ್ಣದ ಒಂದು ಬೊಟ್ಟಿಟ್ಟು, ತೊಟ್ಟು ಹಿಡಿದು ಬುಗುರಿಯಂತೆ ನಿಧಾನ ತಿರುಗಿಸಿ. ಬೊಟ್ಟು ಕಾಯಿಯ ಜೊತೆ ಸುತ್ತುತ್ತದೆ, ಕಿಟಕಿಯ ಬಿಂಬ ಇದ್ದಲ್ಲೇ ಇರುತ್ತದೆ. ಅಂಗಡಿಯಲ್ಲಿ ಪಾತ್ರೆ ನೋಡುವಾಗ ನಾವು ತಲೆ ಆಡಿಸುತ್ತೇವಲ್ಲ, ಅದೂ ಇದೇ ಪರೀಕ್ಷೆ.

ಇನ್ನು ಚೊಂಬು. ಹಳದಿ ಪ್ಲಾಸ್ಟಿಕ್ಕಿನ ಬಣ್ಣ ಒಳಗಿನಿಂದ ಬರುತ್ತದೆ, ಮೇಲಿನ ಹೊಳಪು ದೀಪದ ಬಣ್ಣದ್ದೇ, ಬಿಳಿ. ಹಿತ್ತಾಳೆಯಲ್ಲಿ ಬೆಳಕು ಒಳಗಿಳಿದು ಚೆದುರುವುದಿಲ್ಲ. ಹೊಳಪಿಗೇ ಹಳದಿ ಬಣ್ಣ. ವ್ಯತ್ಯಾಸ ಇಷ್ಟೇ. ಫೋನಿನ ಫೋಟೊದಲ್ಲಿ ಹಿತ್ತಾಳೆ ಪ್ಲಾಸ್ಟಿಕ್ಕಿನಂತೆ ಕಾಣುವುದೂ ಇದರಿಂದಲೇ: ಬೆಳಕು ಜಾಸ್ತಿಯಾಗಿ ಹೊಳಪಿನ ಜಾಗ ಬೆಳ್ಳಗೆ ಸುಟ್ಟುಹೋಗಿರುತ್ತದೆ, ಹಳದಿ ಉಳಿದಿರುವುದಿಲ್ಲ. ಫ್ಲ್ಯಾಶ್ ಆರಿಸಿ, ಪರದೆಯ ಮೇಲೆ ಆ ಹೊಳಪಿನ ಜಾಗವನ್ನೇ ಒತ್ತಿ, ಬೆಳಕು ಇಳಿಸಿ ತೆಗೆಯಿರಿ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಒದ್ದೆ ಬಟ್ಟೆ ಯಾಕೆ ಕಪ್ಪಗೆ ಕಾಣುತ್ತದೆ? ನೀರಿಗೆ ಬಣ್ಣವಿಲ್ಲವಲ್ಲ. ಒಣ ಬಟ್ಟೆಯ ನೂಲುಗಳ ನಡುವೆ ಗಾಳಿ ಇರುತ್ತದೆ. ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1, ಹತ್ತಿಯದು ಸುಮಾರು 1.55. ಅಂತರ ದೊಡ್ಡದು, ಹಾಗಾಗಿ ಬೆಳಕು ಪ್ರತಿ ಎಳೆಯಲ್ಲೂ ಜೋರಾಗಿ ಚೆದುರಿ ಬೇಗ ಹೊರಬೀಳುತ್ತದೆ. ಗಾಳಿಯ ಜಾಗಕ್ಕೆ 1.33ರ ನೀರು ಬಂದರೆ ಅಂತರ ಕಿರಿದಾಗಿ ಬೆಳಕು ಆಳಕ್ಕೆ ಇಳಿಯುತ್ತದೆ, ಹೊರಬರುವ ಮೊದಲು ಬಟ್ಟೆಯ ಬಣ್ಣ ಅದನ್ನು ಹೆಚ್ಚು ಹೀರುತ್ತದೆ. ಬೋಂಡಾ ಕಟ್ಟಿದ ಕಾಗದದಲ್ಲಿ ಎಣ್ಣೆ ಕೂತ ಜಾಗವಂತೂ ಆಚೆಬದಿಯ ಅಕ್ಷರ ಕಾಣುವಷ್ಟು ತಿಳಿಯಾಗುತ್ತದೆ, ಯಾಕೆಂದರೆ ಎಣ್ಣೆಯ ಸೂಚ್ಯಂಕ 1.47, ಕಾಗದದ ನಾರಿಗೆ ಇನ್ನೂ ಹತ್ತಿರ. ಬಟ್ಟೆ ಬಿಸಿಲಿಗೆ ಮೊದಲಿನಂತಾಗುತ್ತದೆ. ಎಣ್ಣೆ ಆರುವುದಿಲ್ಲ, ಆ ಕಲೆ ಹಾಗೇ ಉಳಿಯುತ್ತದೆ.