ಬನದ ಹುಣ್ಣಿಮೆಯ ಥಂಡಿಯಲ್ಲಿ ಬೆವರು

ಬನಶಂಕರಿ ಜಾತ್ರೆಗೆ ಹೋಗಿದ್ದೆವು. ಬಾದಾಮಿ ಕಡೆಯ ಜನವರಿ ಥಂಡಿ ಗೊತ್ತಲ್ಲ. ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯ ಮುಂದೆ ಸಜ್ಜಿ ರೊಟ್ಟಿ, ಕೆಂಪು ಚಟ್ನಿ ತಿನ್ನುವಾಗ ನಮ್ಮ ವೈನಿ ಶಾಲು ತೆಗೆದಿಟ್ಟು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ಕುತ್ತಿಗೆ ತುಂಬ ಬೆವರು.

"ಚಟ್ನಿ ಖಾರ ಆತೇನ್ರಿ ವೈನಿ?"

"ಖಾರ ಅಲ್ಲ ತಂಗಿ, ಒಳಗಿಂದನ ಉರಿ ಏಳತೈತಿ. ರಾತ್ರಿ ನಿದ್ದಿನೂ ಇಲ್ಲ."

ವೈನಿಗೆ ಆಗ 34. ಮುಟ್ಟಾಗಿ ಐದು ತಿಂಗಳಾಗಿತ್ತು. ಮನೆಯಲ್ಲಿ ಮೊದಲು ಬಸುರಿ ಅಂದುಕೊಂಡರು. ಅಲ್ಲ ಅಂತ ಗೊತ್ತಾದ ಮೇಲೆ, "ಹೋಗ್ಲಿ ಬಿಡು, ಎರಡು ಮಕ್ಕಳಾಗ್ಯಾವ, ಕಾಟ ತಪ್ಪಿತು" ಅಂದರು.

ತಪ್ಪಿರಲಿಲ್ಲ. 40 ವರ್ಷ ತುಂಬುವ ಮೊದಲೇ ಅಂಡಾಶಯ ಕೈಕೊಡುವ ತೊಂದರೆ ಅದು; ಡಾಕ್ಟರರು ಅಕಾಲಿಕ ಅಂಡಾಶಯ ವೈಫಲ್ಯ ಅನ್ನುತ್ತಾರೆ. ಹೆಣ್ಣುಮಗು ಹುಟ್ಟುವಾಗಲೇ 10ರಿಂದ 20 ಲಕ್ಷ ಅಂಡಗಳ ಗಂಟು ತಂದಿರುತ್ತದೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರ್ನಾಲ್ಕು ಲಕ್ಷ. ಕೆಲವರಲ್ಲಿ ಈ ಗಂಟು 40ರೊಳಗೇ ಕರಗುತ್ತದೆ. ಇನ್ನು ಕೆಲವರಲ್ಲಿ ಅಂಡ ಇದ್ದರೂ ಬೆಳೆಯುವುದಿಲ್ಲ. ವರ್ಣತಂತುವಿನ ದೋಷ, ಕ್ಯಾನ್ಸರ್ ಔಷಧ, ಮೈ ಕಾಯುವ ರಕ್ತಕಣಗಳೇ ತಿರುಗಿಬೀಳುವುದು ಇವೆಲ್ಲ ಕಾರಣ. ಬಹಳ ಸಲ ಕಾರಣವೇ ಸಿಗುವುದಿಲ್ಲ.

ಪತ್ತೆಗೆ ಎಫ್‌ಎಸ್‌ಎಚ್ ಅನ್ನುವ ಹಾರ್ಮೋನಿನ ರಕ್ತಪರೀಕ್ಷೆ ಇದೆ. ಅಂಡಾಶಯಕ್ಕೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹಾಕುವ ಕೂಗು ಅದು. ಆ ಕಡೆಯಿಂದ ಓಗೊಡದಿದ್ದರೆ ಕೂಗು ಜೋರಾಗುತ್ತದೆ. ರಕ್ತದಲ್ಲಿ ಅದರ ಮಟ್ಟ ಲೀಟರಿಗೆ 25 ಯೂನಿಟ್ ದಾಟಿದರೆ ಅನುಮಾನ ಗಟ್ಟಿ. ವೈನಿಯದು 60ರ ಮೇಲಿತ್ತು. ಜೊತೆಗೆ ಥೈರಾಯ್ಡ್ ಕೂಡ ನೋಡಬೇಕು.

ಅಸಲು ನಷ್ಟ ಅಂಡಾಶಯ ತಯಾರಿಸುವ ಈಸ್ಟ್ರೋಜನ್ ಹಾರ್ಮೋನಿನದು. ಅದಿಲ್ಲದೆ ಮೂಳೆ ಟೊಳ್ಳಾಗುತ್ತವೆ, ಹೃದಯದ ಕಾಯಿಲೆ ಬೇಗ ಬರುತ್ತದೆ. ಅದಕ್ಕೇ ಸುಮಾರು 50ರವರೆಗೆ ಹಾರ್ಮೋನು ಕೊಡುತ್ತಾರೆ. ಗರ್ಭಕೋಶ ಇದ್ದವರಿಗೆ ಅದರ ಒಳಪದರ ಕಾಯಲು ಪ್ರೊಜೆಸ್ಟರೋನ್ ಅನ್ನುವ ಇನ್ನೊಂದು ಹಾರ್ಮೋನು ಕೂಡ ಸೇರಿಸಬೇಕು. "ಹಾರ್ಮೋನು ಗುಳಿಗಿ ಅಂದ್ರ ಕ್ಯಾನ್ಸರ್" ಅಂತ ಹೆದರಿಸುವವರು ಓಣಿಗೊಬ್ಬರು. ಸ್ತನ ಕ್ಯಾನ್ಸರ್ ಆದವರ ಮಾತು ಬೇರೆ. ಉಳಿದವರಿಗೆ ಇದು ಆ ವಯಸ್ಸಿನಲ್ಲಿ ಮೈಯಲ್ಲಿ ಇರಲೇಬೇಕಾದದ್ದನ್ನು ತುಂಬಿಕೊಡುವುದು, ಅಷ್ಟೇ. ಸಜ್ಜಿ ರೊಟ್ಟಿಗೆ ಹಚ್ಚಿದ ಎಳ್ಳಿನಲ್ಲಿ ಸುಣ್ಣದಂಶ ಇದೆ, ತಿನ್ನಿ. ಆದರೆ ಅದು ಗುಳಿಗೆಯ ಬದಲಿ ಅಲ್ಲ.

ಇನ್ನೊಂದು. ಈ ಅಂಡಾಶಯ ಪೂರ್ತಿ ಸಾಯದೆ ಸುಮ್ನೆ ಮಲಗಿದ್ದು, ನಡುವೆ ಎಚ್ಚರಾಗುವುದೂ ಉಂಟು. ಇಂಥ ನೂರು ಹೆಂಗಸರಲ್ಲಿ ಐದರಿಂದ ಹತ್ತು ಮಂದಿ ತಾವಾಗಿಯೇ ಬಸುರಾಗುತ್ತಾರೆ. ಹಾರ್ಮೋನು ಗುಳಿಗೆ ಅದನ್ನು ತಡೆಯುವುದಿಲ್ಲ.

ನಮ್ಮ ಕಡೆ ಹೊಟ್ಟೆನೋವು ಅಂದರೆ ಮೂವತ್ತರ ಹೆಂಗಸರೂ ಗರ್ಭಚೀಲ ತೆಗೆಸುತ್ತಾರೆ. ಅದರ ಜೊತೆ ಎರಡೂ ಅಂಡಾಶಯ ಹೋದರೆ, ವೈನಿಗೆ ತಿಂಗಳುಗಟ್ಟಲೆ ಮೆಲ್ಲಗೆ ಆದದ್ದು ಅವರಿಗೆ ಕೆಲವೇ ದಿನದಲ್ಲಿ ಆಗುತ್ತದೆ. ಸಹಿ ಹಾಕುವ ಮುಂಚೆ "ಅಂಡಾಶಯ ಉಳಸ್ತೀರೇನ್ರಿ?" ಅಂತ ಡಾಕ್ಟರನ್ನು ಕೇಳಿ.