ಬೀಮಿನ ರಿಂಗು ರಂಗೋಲಿಯ ಚುಕ್ಕಿಯಲ್ಲ

ತುಮಕೂರಿನ ಶಿರಾ ಗೇಟ್ ಬಳಿ ಒಂದು ಗೋದಾಮಿನ ಕಟ್ಟಡ. ನಾಳೆ ಕಾಂಕ್ರೀಟ್ ಎನ್ನುವಾಗ ಕಂಬಿ ನೋಡಲು ಹೋದೆ. ಬೀಮಿನ ರಿಂಗುಗಳು, ಅಂದರೆ ಉದ್ದದ ಕಂಬಿಗಳನ್ನು ಸುತ್ತಿ ಹಿಡಿಯುವ ಚೌಕಟ್ಟಿನಂಥ ಕಂಬಿಗಳು, ಈ ತುದಿಯಿಂದ ಆ ತುದಿಗೆ ರಂಗೋಲಿಯ ಚುಕ್ಕಿಗಳಂತೆ ಸಮನಾಗಿ ಕುಳಿತಿದ್ದವು. ನಕ್ಷೆಯಲ್ಲಿದ್ದದ್ದು ಬೇರೆ: ಕಂಬದ ಪಕ್ಕ ಒಂದೊಂದು ಮೀಟರ್ 200 ಮಿಮೀಗೊಂದು, ನಡುವೆ 300 ಮಿಮೀಗೊಂದು.

"ಬೀಮು ಬಗ್ಗುವುದು ನಡುವಿನಲ್ಲಲ್ಲವೇ ಸಾರ್, ಕಂಬದ ಹತ್ತಿರ ಯಾಕೆ ಇಷ್ಟು ರಿಂಗು?" ಎಂದರು ಮೇಸ್ತ್ರಿ.

ಪ್ರಶ್ನೆ ಚೆನ್ನಾಗಿದೆ, ಅರ್ಧ ಸರಿಯೂ ಇದೆ. ಬಗ್ಗುವುದನ್ನು ತಡೆಯುವುದು ಉದ್ದದ ಕಂಬಿ. ರಿಂಗಿನ ಕೆಲಸ ಬೇರೆ. ಹೊರೆಯೆಲ್ಲ ಕೊನೆಗೆ ಕಂಬಕ್ಕೇ ಇಳಿಯಬೇಕಾದ್ದರಿಂದ ಕತ್ತರಿ ಬಲ (ಬೀಮನ್ನು ಕತ್ತರಿಯಂತೆ ತುಂಡರಿಸಲು ನೋಡುವ ಬಲ) ಅಲ್ಲಿಯೇ ಹೆಚ್ಚು. ಅಲ್ಲಿ ಕಾಂಕ್ರೀಟ್ ಓರೆಯಾಗಿ, ಹೆಚ್ಚುಕಡಿಮೆ 45 ಡಿಗ್ರಿಯಲ್ಲಿ ಸೀಳುತ್ತದೆ. ಆ ಸೀಳನ್ನು ಅಡ್ಡ ಹಾಯುವ ರಿಂಗುಗಳು ಎರಡು ತುಂಡನ್ನು ಹಿಡಿದಿಡುತ್ತವೆ. ಬಾಗುವ ಬೀಮು ಮೊದಲೇ ಜೋಲುಬಿದ್ದು ಎಚ್ಚರಿಸುತ್ತದೆ. ರಿಂಗು ಸಾಲದ ಬೀಮು ಹೇಳದೆ ಕೇಳದೆ ಒಡೆಯುತ್ತದೆ.

ಲೆಕ್ಕ ಐಎಸ್ 456ರದ್ದು, ಅಂದರೆ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಸಂಹಿತೆಯದ್ದು. ಬೀಮು 230×500 ಮಿಮೀ, ಪರಿಣಾಮಕಾರಿ ಆಳ (ಒತ್ತಡದ ಅಂಚಿನಿಂದ ಎಳೆತದ ಕಂಬಿಯ ನಡುವಿನವರೆಗೆ) 460 ಮಿಮೀ, ಎಂ20 ದರ್ಜೆಯ ಕಾಂಕ್ರೀಟ್, ಎಳೆತದ ಕಡೆ 20 ಮಿಮೀಯ ಮೂರು ಕಂಬಿ. ಕಂಬದ ಮುಖದಿಂದ 460 ಮಿಮೀ ದೂರದಲ್ಲಿ ಕತ್ತರಿ ಬಲ 140 ಕಿಲೋನ್ಯೂಟನ್. ಕಾಂಕ್ರೀಟ್ ತಾನೇ ಹೊರುವುದು ಸುಮಾರು 63. ಉಳಿದ 77 ರಿಂಗಿನ ಪಾಲು. 8 ಮಿಮೀಯ ಎರಡು ಕಾಲಿನ (ಎರಡು ನಿಂತ ಬದಿಯ), 415 ದರ್ಜೆಯ ಉಕ್ಕಿನ ರಿಂಗಾದರೆ ಅಂತರ 216 ಮಿಮೀ ಬರುತ್ತದೆ; 200 ಎಂದು ಬರೆದೆ. ನಡುವೆ ಬಲ ಕಡಿಮೆ, ಆದರೂ 300 ಮಿಮೀ ಮೀರಲು ಸಂಹಿತೆ ಬಿಡುವುದಿಲ್ಲ.

ಅಷ್ಟೇ ರಿಂಗುಗಳನ್ನು ಸಮನಾಗಿ ಹಂಚಿದರೆ ಅಂತರ ಸುಮಾರು 240 ಆಗುತ್ತದೆ, ತುದಿಯ ಸಾಮರ್ಥ್ಯ 132 ಕಿಲೋನ್ಯೂಟನ್‌ಗೆ ಇಳಿಯುತ್ತದೆ, ಬೇಕಾದ 140ಕ್ಕೆ ಸಾಲದು. ಒಂದು ಗ್ರಾಂ ಕಬ್ಬಿಣವೂ ಉಳಿಯಲಿಲ್ಲ, ಬೀಮು ಮಾತ್ರ ಸೋತಿತು! ಇನ್ನು 8ರ ಬದಲು 6 ಮಿಮೀ ಹಾಕುವ ಚಾಳಿ ಇದಕ್ಕಿಂತ ಕೆಟ್ಟದ್ದು: ಎರಡೇ ಮಿಮೀ ಎಂದು ಕಂಡರೂ ಕಂಬಿಯ ವಿಸ್ತೀರ್ಣ ನೂರಕ್ಕೆ 44ರಷ್ಟು ಹೋಗಿರುತ್ತದೆ.

ಮೇಸ್ತ್ರಿ ಮರುಮಾತಾಡದೆ ಕಟ್ಟುತಂತಿ ಬಿಚ್ಚಿಸಿದರು. ಮೊದಲ ರಿಂಗನ್ನು ಕಂಬದ ಮುಖದಿಂದ 50 ಮಿಮೀ ಒಳಗೇ ಕಟ್ಟಿಸಿದೆ. ಕೈ ಹೋಗದ ಜಾಗವೆಂದು ಎಲ್ಲರೂ ಬಿಟ್ಟುಬಿಡುವುದು ಆ ಒಂದನ್ನೇ.